ಮಾವನ ಪಿಎಚ್.ಡಿ.ಗೆ ಹೂ ಕೇಳಿದ್ದು

ನಮ್ಮ ಸೋದರಮಾವ ದೇವರನ್ನು ನಂಬುತ್ತಿರಲಿಲ್ಲ. ಆದರೆ ದೇವರಿಗೆ ಅವರಷ್ಟು ಕೆಲಸ ಕೊಟ್ಟವರು ನಮ್ಮ ವಂಶದಲ್ಲೇ ಇನ್ನೊಬ್ಬರಿಲ್ಲ!

ಐವತ್ತರ ದಶಕದ ಕೊನೆಯ ಮಾತು. ಮಾವ ಶಿವಮೊಗ್ಗದ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಹೇಳುತ್ತಿದ್ದರು. ನಾನು ಅದೇ ಕಾಲೇಜಿನಲ್ಲಿ ಓದುತ್ತ, ದುರ್ಗಿಗುಡಿಯ ಅವರ ಮನೆಯಲ್ಲಿ ಅತ್ತೆಯ ಕೈರುಚಿಗೆ ಮೈ ಬೆಳೆಸುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ನಾವು ಮೂವರು, ಜೊತೆಗೆ ಮಾವನ ಅನುಮಾನಗಳು.

ಪಾಠಕ್ಕೆ ನಿಂತರೆ ಸಿಂಹದಂತಿದ್ದ ಮನುಷ್ಯ, ಏನನ್ನಾದರೂ ತೀರ್ಮಾನಿಸಬೇಕೆಂದರೆ ಮಾತ್ರ ಬೆವರುತ್ತಿದ್ದರು. ಹೋಟೆಲಿನಲ್ಲಿ ಖಾಲಿ ದೋಸೆಯೋ ಮಸಾಲೆ ದೋಸೆಯೋ ಎಂದು ಸಪ್ಲೈಯರ್ ಕೇಳಿದರೆ ಎರಡರ ಗುಣದೋಷಗಳನ್ನೂ ಅವನಿಗೇ ವಿವರಿಸುತ್ತಿದ್ದರು. ಅವನು ಅಷ್ಟರಲ್ಲಿ ಉಳಿದ ಮೇಜುಗಳನ್ನೆಲ್ಲ ವಿಚಾರಿಸಿಕೊಂಡು ಬಂದಿರುತ್ತಿದ್ದ. ಕೊನೆಗೆ ಮಾವ ಹೇಳುತ್ತಿದ್ದುದು, "ಇಡ್ಲಿ ಕೊಡಪ್ಪ!"

ಇಂಥವರಿಗೆ ಡಾಕ್ಟರೇಟ್ ಮಾಡುವ ಆಸೆ. ಅದೂ ಫೈನಾನ್ಸಿನಲ್ಲಿ!

ಆಸೆಯೇನೋ ಹಳೆಯದು. ಅವರು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಕಾರ್ಖಾನೆಯ ಕುಲುಮೆ ಆಕಾಶವನ್ನು ಕೆಂಪಗೆ ಮಾಡಿದಾಗ ಓರಗೆಯ ಹುಡುಗರೆಲ್ಲ ಕಬ್ಬಿಣ ಹೇಗೆ ಕರಗುತ್ತದೆ ಎಂದು ಕೇಳಿದರೆ, ಮಾವ ಕೇಳಿದ್ದು, "ಇದ್ದಿಲಿಗೆ ದುಡ್ಡು ಯಾರು ಕೊಟ್ರು?" ದೊಡ್ಡ ಉದ್ದಿಮೆಗಳಿಗೆ ಬಂಡವಾಳ ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ ಎಂಬ ಆ ಪ್ರಶ್ನೆ ನಲವತ್ತರ ಹತ್ತಿರ ಬಂದರೂ ಅವರನ್ನು ಬಿಟ್ಟಿರಲಿಲ್ಲ. ಉಳಿದವರು ಕಾದಂಬರಿ ಓದುವ ಹಾಗೆ ಅವರು ಕಂಪನಿಗಳ ವಾರ್ಷಿಕ ವರದಿ ಓದುತ್ತಿದ್ದರು. ಒಳ್ಳೆಯ ಕಡೆ ಬಂದರೆ ಅತ್ತೆಗೆ ಜೋರಾಗಿ ಓದಿ ಹೇಳುತ್ತಿದ್ದರು. ಪಾಪ, ಅವರೂ ಅಕ್ಕಿ ಆರಿಸುತ್ತ "ಆಮೇಲೆ?" ಎನ್ನುತ್ತಿದ್ದರು.

ಆದರೆ ಅರ್ಜಿ ಹಾಕುವುದು ಹೇಗೆ? ಮೈಸೂರಿಗೋ, ಬೊಂಬಾಯಿಗೋ? ಮೊದಲು ಪ್ರೊಫೆಸರಿಗೆ ಬರೆಯಬೇಕೋ, ಮೊದಲು ಅರ್ಜಿಯೋ? ಬರೆದರೆ 'ಮಾನ್ಯರೇ' ಎನ್ನಬೇಕೋ, 'ಪೂಜ್ಯರೇ' ಎನ್ನಬೇಕೋ? ಒಂದು ದಸರೆಯಿಂದ ಯುಗಾದಿಯವರೆಗೆ ಮಾವ ಆ ಸಂಬೋಧನೆಯ ಅಲ್ಪವಿರಾಮವನ್ನೇ ದಾಟಲಿಲ್ಲ.

ಅತ್ತೆಗೆ ಇದನ್ನು ನೋಡಿ ನೋಡಿ ಸಾಕಾಯಿತು. "ರೀ, ಮನೆದೇವರ ಹತ್ರ ಹೂ ಕೇಳಿಬಿಡಿ ಅತ್ಲಾಗೆ" ಎಂದರು.

ಮನೆದೇವರು ಭದ್ರಾವತಿಯ ಹಳೇ ಊರಿನ ವೀರಭದ್ರ. ಪೂಜೆಯ ಅಯ್ನೋರು ದೇವರ ಎಡಬಲಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಬಲದ ಹೂ ಅತ್ತೆಯ ಮುಡಿಗೆ, ಎಡದ್ದು ಹಿತ್ತಿಲ ಗಿಡದ ಬುಡಕ್ಕೆ. ಇದು ಮನೆಯ ಪದ್ಧತಿ.

"ಮೂಢನಂಬಿಕೆ!" ಎಂದರು ಮಾವ. ಮರುದಿನ ಬೆಳಗಿನ ರೈಲಿಗೆ ಹೊರಟೂಬಿಟ್ಟರು, ನಮ್ಮಿಬ್ಬರನ್ನೂ ಕರೆದುಕೊಂಡು.

ಹೂ ಬಲಕ್ಕೇ ಬಿತ್ತು! ಅತ್ತೆ ಗಲ್ಲ ಬಡಿದುಕೊಂಡು ಹೂ ಮುಡಿದರು. ಆದರೆ ಅದು ಬೀಳುವ ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಸೈರನ್ ಕೂಗಿತ್ತು. ಮಾವನ ಮುಖ ಗಂಭೀರವಾಯಿತು.

"ಇದು ಸೈರನ್ ಸದ್ದಿಗೆ ಬಿದ್ದಿದ್ದು ಅಯ್ನೋರೇ. ಲೆಕ್ಕಕ್ಕಿಲ್ಲ."

ಅಯ್ನೋರು ಕಕ್ಕಾಬಿಕ್ಕಿಯಾದರು. "ದೇವ್ರು ಬೀಳಿಸಿದ್ದು ಮೇಷ್ಟ್ರೇ."

"ದೇವ್ರು ಬೀಳ್ಸೋದಾಗಿದ್ರೆ ಸೈರನ್ ನಿಲ್ಲೋವರ್ಗೂ ಕಾಯ್ತಿರ್ಲಿಲ್ವಾ?"

ಅಲ್ಲಿಂದ ಮುಂದೆ ಶಿವಮೊಗ್ಗದಲ್ಲಿ ಅನುಮಾನ ಹುಟ್ಟಿದಾಗಲೆಲ್ಲ ನಾವು ಭದ್ರಾವತಿಯಲ್ಲಿ ಇಳಿಯತೊಡಗಿದೆವು. ಮೈಸೂರೋ ಬೊಂಬಾಯಿಯೋ ಎಂದು ಕೇಳಿದೆವು. ಬೊಂಬಾಯಿಯೇ ಎಂದಾಯಿತು. ಸಂಶೋಧನೆಗೆ ಷೇರು ಬಂಡವಾಳವೋ ಸಾಲದ ಬಂಡವಾಳವೋ ಎಂದು ಮಾವ ಬಾಯಿ ತೆರೆದ ದಿನ ಅಯ್ನೋರು ಹೂವಿನ ತಟ್ಟೆಯನ್ನು ಕೆಳಗಿಟ್ಟೇಬಿಟ್ಟರು.

"ಮೇಷ್ಟ್ರೇ, ನಮ್ಮ ಸ್ವಾಮಿ ಮದುವೆಗೆ ಹೇಳ್ತಾನೆ, ಬಾವಿ ತೋಡೋಕೆ ಹೇಳ್ತಾನೆ, ಎತ್ತು ಕೊಳ್ಳೋಕೆ ಹೇಳ್ತಾನೆ. ಕಾಮರ್ಸ್ ಓದಿಲ್ಲ ಮಾರಾಯ್ರೇ ಅವನು!"

ಕೊನೆಗೆ ಅರ್ಜಿಯನ್ನೇನೋ ತುಂಬಿದ್ದಾಯಿತು. ಅಂಚೆಗೆ ಹಾಕುವ ಕಡೆಯ ದಿನ ಹತ್ತಿರ ಬಂತು. ಆದರೆ ಈಗ ಮೂಲಪ್ರಶ್ನೆಯೇ ಮತ್ತೆ ಎದ್ದು ಕೂತಿತು: ಹೋಗುವುದೋ ಬೇಡವೋ? "ಈ ವಯಸ್ಸಲ್ಲಿ ಹುಡುಗರ ಜೊತೆ ಬೆಂಚಲ್ಲಿ ಕೂತ್ಕೊಂಡು ನಗೆಪಾಟಲಾಗ್ಲಾ? ಅವ್ರು ಬೇಡ ಅಂದ್ಬಿಟ್ರೆ?" ಎಂದು ಮಾವ ಊಟ ಬಿಟ್ಟರು. ಆಗ ನನಗೆ ನಗು ಬರಲಿಲ್ಲ. ಅವರು ನಿಜಕ್ಕೂ ಹೆದರಿದ್ದರು.

ಕಾಲೇಜಿನಲ್ಲಿ ಪರೀಕ್ಷೆ ನಡೆಯುತ್ತಿದ್ದುದರಿಂದ ಅವರಿಗೆ ರಜೆ ಇರಲಿಲ್ಲ; ನನ್ನ ಪರೀಕ್ಷೆ ಮುಗಿದಿತ್ತು. "ನಾನೇ ಹೋಗಿ ಕೇಳ್ಕೊಂಡ್ ಬರ್ತೀನಿ" ಎಂದು ಅತ್ತೆ ನನ್ನನ್ನು ಕರೆದುಕೊಂಡು ಹೊರಟರು. ಅತ್ತೆಯೆಂದರೆ ಹಿತ್ತಿಲಿಗೆ ಬರುವ ಗಿಳಿಗೆ ಹಣ್ಣು ಕೊಡುತ್ತೇನೆಂದು ಮರೆತರೂ ದೇವರ ಮುಂದೆ ತಪ್ಪಾಯಿತೆನ್ನುವ ಹೆಂಗಸು.

ಅಂದು ಸೈರನ್ ಇರಲಿಲ್ಲ, ಗಾಳಿಯೂ ಇರಲಿಲ್ಲ. ಹೂ ಸದ್ದಿಲ್ಲದೆ ಎಡಕ್ಕೆ ಬಿತ್ತು.

ಅಯ್ನೋರು ತಲೆ ತಗ್ಗಿಸಿದರು. ಅತ್ತೆ ಸೆರಗೊಡ್ಡಿ ಹೂ ತೆಗೆದುಕೊಂಡರು. ರೈಲಿನಲ್ಲಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಮಾವ ಊರಲ್ಲೇ ಉಳಿಯುತ್ತಾರಲ್ಲ, ಅತ್ತೆಗೆ ಒಳಗೊಳಗೇ ಸಮಾಧಾನವಾಗಿರಬೇಕು ಎಂದುಕೊಂಡೆ. ವರ್ಷಗಟ್ಟಲೆ ಒಬ್ಬರೇ ಇರುವುದು ಸಣ್ಣ ಮಾತೇ?

ಮಾವ ಬಾಗಿಲಲ್ಲೇ ಕಾಯುತ್ತಿದ್ದರು. "ಏನಾಯ್ತೇ?"

"ಬಲಕ್ಕೆ ಬಿತ್ತು ಕಣ್ರೀ" ಎಂದರು ಅತ್ತೆ. "ಸೈರನ್ನೂ ಕೂಗಿರ್ಲಿಲ್ಲ. ಹೋಗಿ ಅರ್ಜಿ ಹಾಕ್ಬನ್ನಿ."

ನಾನು ನಿಂತಲ್ಲೇ ಕಂಬವಾದೆ. ಮಾವ ಅತ್ತೆಯನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿ ಅಂಚೆ ಕಚೇರಿಗೆ ನಡೆದರು. ಅವರು ಎರಡನೆಯ ಮಾತಿಲ್ಲದೆ ಮಾಡಿದ ಕೆಲಸವನ್ನು ನಾನು ಕಂಡದ್ದು ಅದೊಂದೇ!

ಬೊಂಬಾಯಿಯಿಂದ ಒಪ್ಪಿಗೆ ಬಂತು. ಹೊರಡುವ ದಿನ ಭದ್ರಾವತಿಯವರೆಗೆ ನಾವೂ ಅದೇ ರೈಲು ಹತ್ತಿದೆವು. "ದೇವಸ್ಥಾನಕ್ಕೆ ಹೋಗೋದಿದೆ" ಎಂದಷ್ಟೇ ಅತ್ತೆ ಹೇಳಿದ್ದರು. ನಿಲ್ದಾಣದಲ್ಲಿ ಅತ್ತೆ ಮೊದಲು ಇಳಿದರು. ಹಿಂದೆಯೇ ಇಳಿಯಹೊರಟ ನನ್ನ ಕೈಗೆ ಮಾವ ಒಂದು ರೂಪಾಯಿ ತುರುಕಿದರು.

"ತಪ್ಪುಕಾಣಿಕೆ ಹಾಕೋಕೆ ಹೋಗ್ತಿದಾಳೆ ಅವ್ಳು. ನಂದೂ ಹಾಕ್ಬಿಡು ಮಾರಾಯ."

"ಮಾವ, ನಿಮಗೆ..."

"ಅವತ್ತು ಅವಳ ಮುಡೀಲಿ ಹೂ ಇರ್ಲಿಲ್ವಲ್ಲೋ. ದೇವ್ರು ಬೇಡ ಅಂದ್ರೂ ಇವ್ಳು ಹೋಗು ಅಂದ್ಲು. ಇನ್ಯಾರನ್ನ ಕೇಳ್ಲಿ?"

ದೇವಸ್ಥಾನದಲ್ಲಿ ಅತ್ತೆ ಹುಂಡಿಗೆ ಕಾಣಿಕೆ ಹಾಕಿ, ಕಣ್ಣು ಮುಚ್ಚಿ ಬಹಳ ಹೊತ್ತು ಕೈಮುಗಿದು ನಿಂತರು. ನಾನು ಮಾವನ ರೂಪಾಯಿಯನ್ನೂ ಹಾಕಿದೆ. ಸದ್ದಿಗೆ ಅವರು ಕಣ್ಣು ಬಿಟ್ಟರು.

"ಯಾರ್ದೋ ಅದು?"

"ಮಾವಂದು ಅತ್ತೆ. ತಪ್ಪುಕಾಣಿಕೆ."

ಅತ್ತೆಯ ಕಣ್ಣು ತುಂಬಿ ಬಂತು. ಅಯ್ನೋರು ಪ್ರಸಾದದ ತಟ್ಟೆ ಹಿಡಿದು ನಿಂತಿದ್ದರು. ಅತ್ತೆ ಅದರಿಂದ ಒಂದು ಹೂ ಎತ್ತಿಕೊಂಡು, ಏನನ್ನೂ ಕೇಳದೆ, ಮುಡಿದುಕೊಂಡರು.