ಹನ್ನೆರಡು ತೋಟಾಗಳಿಗೊಂದು ಸನ್ನಡತೆ

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಹೇಳಿಬಿಡುತ್ತೇನೆ. ಲಿಫ್ಟಿನಲ್ಲಿ ಪಕ್ಕದ ಫ್ಲ್ಯಾಟಿನವರು ಬಾಯಿಮಾತಿಗೆ ‘ಹೇಗಿದ್ದೀರಿ’ ಎಂದರೂ ಮಂಡಿಯಿಂದ ಹಿಡಿದು ಬಿಪಿಯವರೆಗೆ ಪೂರ್ತಿ ವರದಿ ಒಪ್ಪಿಸುತ್ತೇನೆ. ಇದರ ಹೊಣೆ ಧಾರವಾಡದ ನನ್ನ ಕಾನ್ವೆಂಟಿನದು. ಅಲ್ಲಿ ಕ್ರಿಶ್ಚಿಯನ್ ಹುಡುಗಿಯರಿಗೆ ವಾರಕ್ಕೊಮ್ಮೆ ಕನ್ಫೆಷನ್ ಇರುತ್ತಿತ್ತು. ಹೋಗುವಾಗ ಸಪ್ಪೆ ಮುಖ, ಬರುವಾಗ ಎಣ್ಣೆಸ್ನಾನ ಮಾಡಿ ಎದ್ದವರ ಹಾಗೆ ಹಗುರ. ನಮ್ಮಂಥ ಹಿಂದೂ ಹುಡುಗಿಯರಿಗೆ ಆ ಸೌಲಭ್ಯವಿರಲಿಲ್ಲ. ನಮಗಿದ್ದದ್ದು ಮಾರಲ್ ಸೈನ್ಸ್ ಪೀರಿಯಡ್ಡು. ಸಿಸ್ಟರು ಒಂದೊಂದು ಹಾಳೆ ಹಂಚಿ, “ರೈಟ್ ಡೌನ್ ಯುವರ್ ಫಾಲ್ಟ್ಸ್, ಗರ್ಲ್ಸ್” ಎನ್ನುವರು. ನಾವು ಎದೆ ಹಿಂಡಿಕೊಂಡು ಬರೆಯುತ್ತಿದ್ದೆವು. ಅವರು ನಮ್ಮ ಯಾವ ಪಾಪವನ್ನೂ ಪರಿಹರಿಸಲಿಲ್ಲ, ಸ್ಪೆಲ್ಲಿಂಗ್ ಮಾತ್ರ ತಿದ್ದಿ ಕೊಡುತ್ತಿದ್ದರು. ಅಂದಿನಿಂದ ಇಂದಿನವರೆಗೂ ಖಾಲಿ ಹಾಳೆ ಕಂಡರೆ ನನ್ನ ಕಾನ್ಶಿಯನ್ಸ್ ಪೆನ್ನು ಹುಡುಕುತ್ತದೆ.

ಕುವೈತಿನ ಒಂದು ಇಂಡಿಯನ್ ಶಾಲೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ಪಿ.ಟಿ. ಟೀಚರಾಗಿದ್ದೆ. ರಿಟೈರಾದ ಮೇಲೆ ಮಗಳು ಸುಮಾ, ಅಳಿಯ ಗಿರೀಶನ ಜೊತೆ ರುಮೈಥಿಯಾದಲ್ಲಿದ್ದೇನೆ. ಒಂದು ಕಾಲಕ್ಕೆ ನನ್ನ ವಿಸಲ್ಲಿಗೆ ಸಾವಿರ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು. ಈಗ ನನ್ನ ಇಕಾಮಾದಲ್ಲಿ, ಅಂದರೆ ಇಲ್ಲಿ ವಾಸಿಸುವ ಪರವಾನಗಿಯಲ್ಲಿ, ‘ಅವಲಂಬಿತೆ’ ಎಂದು ಬರೆದಿದೆ. ಇರಲಿ. ವರ್ಷಕ್ಕೊಂದು ದಿನ ಮಾತ್ರ ನಾನು ಯಾರನ್ನೂ ಅವಲಂಬಿಸುವುದಿಲ್ಲ. ಚಳಿಗಾಲದ ಸ್ಪೋರ್ಟ್ಸ್ ಡೇಗೆ ರೇಸುಗಳನ್ನು ಬಿಡಲು ಶಾಲೆಯವರು ಇವತ್ತಿಗೂ ನನ್ನನ್ನೇ ಕರೆಯುತ್ತಾರೆ. ಬಿಳಿ ಕ್ಯಾನ್ವಾಸ್ ಶೂ ತೊಟ್ಟು, ಕೈ ಮೇಲೆತ್ತಿ, “ಆನ್ ಯುವರ್ ಮಾರ್ಕ್ಸ್” ಎಂದರೆ ಪೋಷಕರ ಟೆಂಟಿನಲ್ಲಿ ಚಹಾದ ಕಪ್ಪುಗಳೂ ಸುಮ್ಮನಾಗುತ್ತವೆ. ನನ್ನ ಕೈಯಲ್ಲಿರುವುದು ಶಾಲೆಯ ಸ್ಟಾರ್ಟರ್ ಪಿಸ್ತೂಲು. ಅದಕ್ಕೆ ಹಾಕುವುದು ಗುಂಡಿಲ್ಲದ, ಬರೀ ಸದ್ದು ಮಾಡುವ ತೋಟಾ. ಪಿಸ್ತೂಲಿನ ಪರವಾನಗಿಯಲ್ಲಿ ಹೊಡೆಯುವವರ ಹೆಸರೆಂದು ನಮೂದಾಗಿರುವುದು ನನ್ನದೇ. ಹೆಮ್ಮೆಯಿಂದ ಹೇಳುತ್ತಿದ್ದೇನೆ ಎಂದುಕೊಂಡರೆ ನೀವು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದೀರಿ.

ನನ್ನ ಜಾಗಕ್ಕೆ ಬಂದಿರುವ ನಿಖಿಲ್ ಎಂಬ ತರುಣ ಒಳ್ಳೆಯವನು. ಆದರೆ ಅವನ ಬಳಿ ಒಂದು ಎಲೆಕ್ಟ್ರಿಕ್ ಹಾರ್ನ್ ಇದೆ. “ಮೇಡಂ, ಒಂದು ಬಟನ್ ಒತ್ತಿದ್ರೆ ಆಯ್ತು, ನಿಮಗ್ಯಾಕೆ ತೊಂದ್ರೆ?” ಎಂದು ಎರಡು ವರ್ಷದಿಂದ ವಿನಯವಾಗಿ ಪೀಡಿಸುತ್ತಿದ್ದಾನೆ. ಆ ಹಾರ್ನ್ ಕೂಗಿದರೆ ಕಸದ ಲಾರಿ ರಿವರ್ಸ್ ಬಂದ ಹಾಗೆ. ಅದಕ್ಕೆ ಮಕ್ಕಳು ಓಡುವುದಲ್ಲ, ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಈ ವರ್ಷ ಅವನಿಗೆ ಹೊಸ ನಿಯಮದ ಬೆಂಬಲವೂ ಸಿಕ್ಕಿತು. ಸದ್ದಿನ ತೋಟಾ ಕೊಳ್ಳಬೇಕಾದರೂ ಹೊಡೆಯುವವರ ಪೂರ್ವಾಪರ ತನಿಖೆಯಾಗಬೇಕಂತೆ. ಪೊಲೀಸರಿಂದ ಸನ್ನಡತೆಯ ಪತ್ರ ತರಬೇಕು, ಅಂಗಡಿಯಲ್ಲಿ ತಾವೇ ಕೂತು ಘೋಷಣೆ ಬರೆದು ಸಹಿ ಹಾಕಬೇಕು. ಹೆಸರು ಒಮ್ಮೆ ತಿರಸ್ಕೃತವಾದರೆ ಪರವಾನಗಿಯಿಂದಲೇ ತೆಗೆಯುತ್ತಾರೆ. “ಇನ್ನಾದ್ರೂ ಹಾರ್ನ್ ಅಲ್ವಾ ಮೇಡಂ?” ಎಂದ ನಿಖಿಲ್. “ಓವರ್ ಮೈ ಡೆಡ್ ಬಾಡಿ” ಎಂದೆ. ಅವನು ಹೆದರಿ ಕುರ್ಚಿ ತಂದು ಕೊಟ್ಟ.

ಹತ್ತೂ ಬೆರಳಿನ ಗುರುತು ಕೊಟ್ಟು ಹದಿನೈದು ದಿನ ಕಾದೆ. ಪತ್ರ ಬಂತು. ನನ್ನ ಮೇಲೆ ಏನೂ ಇಲ್ಲವಂತೆ. ಆ ಕಾಗದವನ್ನು ನಾನು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದ್ದು ನಿಜ. ಹುಬ್ಬಳ್ಳಿಯ ನಾದಿನಿ ಮಾತ್ರ, “ವೈನಿ, ಏನ್ ಕೇಸ್ ಆಗಿತ್ತು?” ಎಂದು ಕೇಳಿದಳು.

ಗಿರೀಶ ರಜೆ ಹಾಕಿ ನನ್ನನ್ನು ಬೇಟೆ ಸಾಮಾನಿನ ಅಂಗಡಿಗೆ ಕರೆದೊಯ್ದ. ಅವನು ಬಾಗಲಕೋಟೆಯವನು, ಎಂಜಿನಿಯರ್. ಹಳದಿ ಸಿಗ್ನಲ್ ಕಂಡರೆ ಕಾರು ನಿಲ್ಲಿಸಿ, ಕೆಂಪು ಬರುವ ತನಕ ಕಾಯುವಂಥ ಮನುಷ್ಯ. ಅಂಗಡಿ ನೋಡಿಕೊಳ್ಳುವ ಹೈದರಾಬಾದಿನ ಹಿರಿಯ ಭಾಯಿಯೊಬ್ಬರು ನನ್ನ ಬಿಳಿಕೂದಲು ನೋಡಿ, “ಅಮ್ಮಾ, ಕೂತ್ಕೊಳ್ಳಿ” ಎನ್ನುವ ಅರ್ಥದಲ್ಲಿ ಸ್ಟೂಲು ಸರಿಸಿದರು. ಘೋಷಣೆಯ ಹಾಳೆ ಕೊಟ್ಟರು. ಏಳನೆಯ ಕಾಲಮ್ಮಿನಲ್ಲಿತ್ತು ಪ್ರಶ್ನೆ: ನೀವು ಎಂದಾದರೂ, ಎಲ್ಲಾದರೂ, ತಪ್ಪು ಮಾಡಿದ್ದೀರಾ? ಮಾಡಿದ್ದರೆ ವಿವರ ಕೊಡಿ. ಕೆಳಗೆ ನಾಲ್ಕು ಖಾಲಿ ಗೆರೆ.

“ನೋ ಲಿಖ್ ದೋ ಅಮ್ಮಾ, ಖಲಾಸ್” ಎಂದರು ಭಾಯಿ.

ನಾನು ಕನ್ನಡಕ ಹಾಕಿಕೊಂಡೆ. ಮೊದಲನೆಯದು, ಗಸಗಸೆ. ಒಮ್ಮೆ ರಜೆ ಮುಗಿಸಿ ಬರುವಾಗ ಇದೇ ನಾದಿನಿ ಡಬ್ಬಿ ತುಂಬ ಅಕ್ಕಿ-ಬೆಲ್ಲದ ಅನಾರಸ ಕರಿದು ಕಟ್ಟಿ ಕೊಟ್ಟಿದ್ದಳು. ಅನಾರಸವೆಂದ ಮೇಲೆ ಮೈತುಂಬ ಗಸಗಸೆ. ಈ ದೇಶದಲ್ಲಿ ಅದು ನಿಷಿದ್ಧ ಎಂಬುದು ಇಲ್ಲಿ ಮನೆಗೆ ಬಂದು ಡಬ್ಬಿ ತೆರೆದಾಗ ನೆನಪಾಯಿತು. ‘ತಕ್ಷಣ ತಿಂದು ನಾಶಪಡಿಸಲಾಯಿತು’ ಎಂದು ಬರೆದೆ. ಎರಡನೆಯದು, ಚಿನ್ನದ ಪದಕ. ಸುಮಾ ಎಂಟನೇ ಕ್ಲಾಸಿನಲ್ಲಿದ್ದಾಗ ನೂರು ಮೀಟರಿನಲ್ಲಿ ಪಿಸ್ತೂಲಿಗಿಂತ ಮುಂಚೆ ಎದ್ದು ಓಡಿದ್ದಳು. ನಾನು ಕಂಡೆ. ಎರಡನೇ ತೋಟಾ ಹೊಡೆದು ಎಲ್ಲರನ್ನೂ ವಾಪಸು ಕರೆಯಬೇಕಿತ್ತು, ಕರೆಯಲಿಲ್ಲ. ಅವಳ ಆ ಪದಕ ಇವತ್ತಿಗೂ ನಮ್ಮ ಹಾಲ್‌ನ ಗೋಡೆಯ ಮೇಲೆ ತೂಗುತ್ತಿದೆ. ನಾನು ಅದರ ಧೂಳು ಒರೆಸುವುದಿಲ್ಲ, ಕೆಲಸದವಳಿಂದ ಒರೆಸಿಸುತ್ತೇನೆ. ಅದನ್ನೂ ಬರೆದೆ. ಗೆರೆ ಸಾಲದೆ ಅಂಚಿಗೂ ಹತ್ತಿಸಿದೆ.

ಹಿಂದಿನಿಂದ ಬಗ್ಗಿ ಓದಿದ ಗಿರೀಶನ ಮುಖ ಅಕ್ಕಿಹಿಟ್ಟಾಯಿತು. “ಅತ್ತಿ, ಗಸಗಸಿ ಅಂತ ಬರದೀರಲ್ರೀ. ಇಲ್ಲೆ ಗಸಗಸಿ ಅಂದ್ರ ಅಫೀಮು ಇದ್ದಂಗ. ನನ್ನ ಇಕಾಮಾನೂ ಹೋಗ್ತದ, ನಿಮ್ಮ ಮಗಳದೂ ಹೋಗ್ತದ. ಎಲ್ಲಾರೂ ಕೂಡಿ ಬಾಗಲಕೋಟಿಗೆ ಹೋಗಿ ಅನಾರಸ ಮಾರೂಣೇನ್ರಿ?”

“ಸುಳ್ಳ ಬರೀ ಅಂತೀಯೇನು, ಗಿರೀಶ?”

“ಸುಳ್ಳ ಬ್ಯಾಡ್ರಿ. ಸುಮ್ನ ಇರ್ರಿ.”

ಭಾಯಿ ಹಾಳೆಯನ್ನು ತೆಗೆದುಕೊಂಡು ಮೆಲ್ಲಗೆ ಓದಿದರು. ನಗಲಿಲ್ಲ. ನನ್ನ ಸನ್ನಡತೆಯ ಪತ್ರವನ್ನು ಅದರ ಪಕ್ಕದಲ್ಲಿಟ್ಟು, ತಮ್ಮ ಉರ್ದುವಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದ್ದು ಇಷ್ಟು: ಅಮ್ಮಾ, ಸರ್ಕಾರ ಎಲ್ಲ ಕಡತ ಹುಡುಕಿ ನಿಮ್ಮ ಮೇಲೆ ಏನೂ ಇಲ್ಲ ಎಂದು ಮೊಹರು ಹಾಕಿದೆ. ನೀವು ಇದೆ ಅನ್ನುತ್ತೀರಿ. ಸರ್ಕಾರಕ್ಕಿಂತ ನಿಮಗೆ ಹೆಚ್ಚು ಗೊತ್ತೇ?

ಕಾನ್ವೆಂಟಿನಲ್ಲಿ ಸತ್ಯದ ಜೊತೆಗೆ ಒಬೀಡಿಯನ್ಸೂ ಕಲಿಸಿದ್ದರು. ಹೊಸ ಹಾಳೆಯಲ್ಲಿ ಸರ್ಕಾರದ ಅಭಿಪ್ರಾಯಕ್ಕೆ ತಲೆಬಾಗಿ ‘ನೋ’ ಎಂದು ಬರೆದೆ. ಹಳೆಯದನ್ನು ಗಿರೀಶ ಹದಿನಾರು ಚೂರು ಮಾಡಿ, ಎರಡು ಬೇರೆ ಬೇರೆ ಕಸದ ಡಬ್ಬಿಗೆ ಹಾಕಿದ. ತೋಟಾ ಸಿಕ್ಕಿತು. ಆದರೆ ಹೊಸ ನಿಯಮದಂತೆ ಒಬ್ಬರಿಗೆ ಹನ್ನೆರಡು ಮಾತ್ರ. ನಮ್ಮ ರೇಸುಗಳೂ ಹನ್ನೆರಡು.

ಅಂದು ಸಂಜೆ ಚಹಾ ಕುಡಿಯುವಾಗ ಸುಮಾ ಎದುರು ಬಂದು ಕೂತಳು. ಗಿರೀಶನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

“ಮಮ್ಮಿ, ನಾ ಮೊದ್ಲ ಓಡಿದ್ದು ನನಗೂ ಗೊತ್ತಿತ್ತು.”

“ಮತ್ತ ಯಾಕ ಹೇಳಲಿಲ್ಲ?”

“ನೀ ನೋಡಿಲ್ಲ ಅಂದ್ಕೊಂಡಿದ್ದೆ. ಹೇಳಿದ್ರ, ಇಂಥಾ ಸ್ಟಾರ್ಟರ್‌ಗೆ ಕಣ್ಣು ಕಾಣ್ಸೂದಿಲ್ಲ ಅಂತ ಮಂದಿ ಅಂತಿದ್ರು. ನಿನ್ನ ಹೆಸರು ಕೆಡೂದು ಬ್ಯಾಡಂತ ಸುಮ್ನಿದ್ದೆ.”

ಇಷ್ಟು ವರ್ಷ ತಾಯಿ ಮಗಳ ಮಾನ ಕಾಯುತ್ತಿದ್ದಳು, ಮಗಳು ತಾಯಿಯದು. ಇಬ್ಬರೂ ಸ್ವಲ್ಪ ಹೊತ್ತು ಚಹಾದಲ್ಲಿ ಬಿಸ್ಕತ್ತು ಅದ್ದಿದೆವು. ಆಮೇಲೆ ಅವಳೇ ಎದ್ದು ಪದಕ ಇಳಿಸಿದಳು. ಗೋಡೆಯ ಮೇಲೆ ದುಂಡನೆಯ ಬಿಳಿ ಗುರುತು ಉಳಿಯಿತು. ಇಂಥ ಮಗಳನ್ನು ಹೆತ್ತೆನಲ್ಲ ಎಂದು ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ಹೆಮ್ಮೆಗೆ ಕಾರಣ ಒಂದು ಫೌಲ್ ಎಂಬುದನ್ನೂ ಮರೆತೆ.

ಸ್ಪೋರ್ಟ್ಸ್ ಡೇ ಬಂತು. ಮೊದಲ ರೇಸಿನಲ್ಲೇ ಮೂರನೇ ಲೇನಿನ ಒಂದು ಪುಟಾಣಿ ನನ್ನ ‘ಸೆಟ್’ಗೇ ಹಾರಿ ಓಡಿತು. ನಾನಿನ್ನೂ ಸಿಡಿಸಿರಲಿಲ್ಲ, ಉಳಿದವರೂ ಅದರ ಹಿಂದೆ ಓಡಿದರು. ವಾಪಸು ಕರೆಯಲು ಒಂದು ತೋಟಾ ಹೆಚ್ಚಿಗೆ ಬೇಕು. ಹೊಡೆದರೆ ಕೊನೆಯ ರಿಲೇಗೆ ನನ್ನ ಬಳಿ ಏನೂ ಉಳಿಯುವುದಿಲ್ಲ. ಇಡೀ ಶಾಲೆ ಕಾಯುವ ರೇಸು ಅದು. ನಿಖಿಲ್ ನನ್ನನ್ನೇ ನೋಡುತ್ತಿದ್ದ. ಟೆಂಟಿನಲ್ಲಿದ್ದ ಸುಮಾಳೂ ನೋಡುತ್ತಿದ್ದಳು. ಹೊಡೆದೆ. ಮಕ್ಕಳೆಲ್ಲ ತಿರುಗಿ ಬಂದರು. ಪುಟಾಣಿ ಅತ್ತಿತು, ಅದರ ತಾಯಿ ಇಂಗ್ಲಿಷಿನಲ್ಲಿ ಏನೋ ಅಂದಳು, ನನ್ನ ಬೆನ್ನು ಮಾತ್ರ ನೆಟ್ಟಗಾಯಿತು.

ಕೊನೆಯ ರಿಲೇ ಹೊತ್ತಿಗೆ ನಿಖಿಲ್ ಹಾರ್ನನ್ನು ತಾನು ಹಿಡಿಯದೆ ಎರಡೂ ಕೈಯಲ್ಲಿ ನನಗೆ ಕೊಟ್ಟ. ತೆಗೆದುಕೊಂಡೆ. “ಆನ್ ಯುವರ್ ಮಾರ್ಕ್ಸ್” ಎಂದೆ, “ಸೆಟ್” ಎಂದೆ, ಒತ್ತಿದೆ. ಲಾರಿ ಕೂಗಿತು. ಎಂಟು ಹುಡುಗಿಯರು ಎದ್ದರು. ಒಬ್ಬೊಬ್ಬಳ ಹಿಮ್ಮಡಿ, ಮಂಡಿ, ನೆಲ ಬಿಟ್ಟೇಳುವ ಬೆರಳು, ಎಲ್ಲವೂ ನನಗೆ ನಿಚ್ಚಳವಾಗಿ ಕಂಡವು. ಹಿಂದೆಂದೂ ಹೀಗೆ ಕಂಡಿರಲಿಲ್ಲವಲ್ಲ ಎಂದು ಆಶ್ಚರ್ಯಪಟ್ಟು ಯೋಚಿಸಿದ ಮೇಲೆ ಹೊಳೆಯಿತು: ಪಿಸ್ತೂಲು ಸಿಡಿಯುವ ಆ ಗಳಿಗೆಯಲ್ಲಿ ನಾನು ಇಷ್ಟು ವರ್ಷವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.