ಕಡೇ ಪಿರಿಯಡ್ಡಿನ ಸಂಶಯ

ಲೋಕದಲ್ಲಿ ಉತ್ತರ ಬೇಡದ ಪ್ರಶ್ನೆಗಳು ಬಹಳ ಇವೆ. ಹಾದಿಯಲ್ಲಿ ಎದುರಾದವರು 'ಊಟ ಆತೇನ್ರೀ?' ಎಂದರೆ ಅವರಿಗೆ ನಿಮ್ಮ ಹೊಟ್ಟೆಯ ವರದಿ ಬೇಕಾಗಿರುವುದಿಲ್ಲ. ಬಾಗಿಲು ತೆರೆದೊಡನೆ 'ಬಂದ್ರೇನು?' ಎನ್ನುವವರಿಗೆ ನೀವು ಬಂದಿರುವುದು ಕಾಣುತ್ತಲೇ ಇರುತ್ತದೆ. ಇಷ್ಟನ್ನು ನಾನು ತೆಲಂಗಾಣದ ಗಡಿಯ ಮಕ್ತಲ್‌ನ ನಮ್ಮ ಓಣಿಯಲ್ಲೇ ಕಲಿತಿದ್ದೆ. ಆದರೆ ಡಿಗ್ರಿ ಮೊದಲ ವರ್ಷಕ್ಕೆ ಸೇರಿದ ಮೇಲೆ, ಕಡೇ ಪಿರಿಯಡ್ಡಿನ ಪಾಠ ಮುಗಿಸಿ ಕೈಯ ಸೀಮೆಸುಣ್ಣ ಕೊಡವಿಕೊಳ್ಳುತ್ತ ನಮ್ಮ ಎಕನಾಮಿಕ್ಸ್ ಸರ್ ದಿನಾ ಕೇಳುತ್ತಿದ್ದ 'ಡೌಟ್ಸ್ ಉನ್ನಾಯಾ?' ಎಂಬುದೂ ಇದೇ ಜಾತಿಯ ಪ್ರಶ್ನೆ ಎಂದು ನನಗೆ ಯಾರೂ ಹೇಳಲಿಲ್ಲ. ಡೌಟುಗಳಿವೆಯಾ ಎಂಬುದು ಪ್ರಶ್ನೆಯಲ್ಲ, ಮಂಗಳಾರತಿ. ಅದಾದ ಮೇಲೆ ಎಲ್ಲರೂ ಎದ್ದು ಹೊರಡಬೇಕು. ನಾನು ಎದ್ದೆ, ಆದರೆ ಹೊರಡಲಿಲ್ಲ.

ತಪ್ಪು ನನ್ನೊಬ್ಬಳದೇ ಅಲ್ಲ ಎಂದು ವಾದಿಸಬಲ್ಲೆ. ಹೈಸ್ಕೂಲಿನಲ್ಲಿ ನನ್ನನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದ ಮೇಡಂ, ಎದುರಿನವರ ಮಾತಿನಲ್ಲಿ ಒಂದು ಸಂದಿ ಇದ್ದೇ ಇರುತ್ತದೆ, ಅದರಲ್ಲಿ ಬೆರಳು ತೂರಿಸು ಎಂದಿದ್ದರು. ನಾನು ಕೈಯನ್ನೇ ತೂರಿಸುತ್ತ ಬಂದೆ. ನಾರಾಯಣಪೇಟೆಯಲ್ಲಿ ಮಕ್ಕಳಿಗೆ ಮೊಬೈಲ್ ಬೇಕು ಎಂದು ವಾದಿಸಿ ಒಂದು ಸ್ಟೀಲ್ ತಟ್ಟೆ, ಗದ್ವಾಲದಲ್ಲಿ ಮೊಬೈಲ್ ಬೇಡವೇ ಬೇಡ ಎಂದು ವಾದಿಸಿ ಇನ್ನೊಂದು ತಟ್ಟೆ ಗೆದ್ದೆ. ಎರಡರಲ್ಲೂ ಮನೆಯವರು ಉಣ್ಣುತ್ತಾರೆ, ರುಚಿಯಲ್ಲಿ ವ್ಯತ್ಯಾಸವಿಲ್ಲ. ಅವ್ವನಿಗೆ ಮಾತ್ರ ಬೇಸರ. 'ಇಕಿ ಕೂಡ ಮಾತಾಡಾಕ ಒಬ್ಬ ವಕೀಲನ್ನ ಇಟ್ಕೋಬೇಕ್ ನೋಡ್ರೀ,' ಎಂದು ಅಪ್ಪನ ಕಿರಾಣಿ ಅಂಗಡಿಗೆ ಬಂದವರ ಮುಂದೆ ಹೇಳುತ್ತಾಳೆ. 'ವಕೀಲನೂ ಸೋಲ್ತಾನ,' ಎಂದು ನಾನು ಒಳಗಿನಿಂದ ಸೇರಿಸುತ್ತೇನೆ.

ಸರ್ ಒಂದು ದಿನ ಬೇಡಿಕೆಯ ನಿಯಮ ಬರೆಸಿದರು: ಬೆಲೆ ಏರಿದರೆ ಕೊಳ್ಳುವುದು ಇಳಿಯುತ್ತದೆ. ಸುತ್ತಲಿನ ಪೆನ್ನುಗಳೆಲ್ಲ ತಲೆಬಾಗಿ ಒಪ್ಪಿಕೊಂಡವು. ನಾನು ಎದ್ದು, ತೊಗರಿಬೇಳೆ ಬೆಲೆ ಏರಿತೆಂದು ಸುದ್ದಿಯಾದರೆ ನಮ್ಮ ಅಂಗಡಿಯಲ್ಲಿ ಒಂದು ಕಿಲೋ ಒಯ್ಯುವವರು ಐದು ಕಿಲೋ ಒಯ್ಯುತ್ತಾರಲ್ಲ, ಅವರಿಗೆ ಈ ನಿಯಮವನ್ನು ಯಾರು ತಿಳಿಸಬೇಕು ಎಂದೆ. ಸರ್ ಏನೋ ಹೇಳಿದರು. ಅದಕ್ಕೆ ನಾನೊಂದು ಹೇಳಿದೆ. ಬೆಲ್ಲು ಹೊಡೆಯಿತು. ಅವರು 'ಚಾಲಮ್ಮಾ' ಎಂದು ಕೈಮುಗಿದರು. ತೆಲುಗಿನಲ್ಲಿ ಚಾಲು ಎಂದರೆ ಸಾಕು. ನಮ್ಮ ಮನೆಯ ಕನ್ನಡದಲ್ಲಿ ಫ್ಯಾನು ಚಾಲು, ಮೋಟರು ಚಾಲು, ಅಂದರೆ ಶುರು. ಎರಡೂ ಭಾಷೆಯಲ್ಲಿ ಬೆಳೆದವಳು ನಾನು, ಇದು ಯಾವ ಚಾಲು ಎಂದು ಚೆನ್ನಾಗಿ ಗೊತ್ತಿತ್ತು. ಆದರೂ ಅನುಕೂಲವಾದದ್ದನ್ನೇ ಕೇಳಿಸಿಕೊಂಡು ಮುಂದುವರಿಸಿದೆ. ಮೆಲ್ಲಗೆ ಇದೇ ರೂಢಿಯಾಯಿತು. ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ನನ್ನನ್ನು 'ಓವರ್‌ಟೈಮ್' ಎಂದು ಕರೆಯತೊಡಗಿದರು. ನಾನದನ್ನು ಬಿರುದು ಎಂದುಕೊಂಡೆ. ದಿನಾ ಹತ್ತು ನಿಮಿಷ ತಡವಾಗಿ ಹೊರಟು, ಐದು ನಿಮಿಷ ನಡೆದು, ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ.

ನನ್ನ ಪಕ್ಕ ಕೂರುವ ಶರಣಮ್ಮ ನಾರ್ವ ಊರಿನವಳು. ಹಾಜರಿ ಹೇಳುವುದಕ್ಕೆ ಬಿಟ್ಟರೆ ಕ್ಲಾಸಿನಲ್ಲಿ ಬಾಯಿ ತೆರೆದವಳಲ್ಲ. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತ, 'ಒಂದ್ ಮಾತು ಕೇಳ್ಲೇನು? ಸಿಟ್ಟಾಗಬ್ಯಾಡ,' ಎಂದಳು.

'ಕೇಳು.'

'ನಿನ್ನ ಡೌಟು ಮುಂಜಾನಿ ಬರಂಗಿಲ್ಲೇನು?'

ನಾಲ್ಕಕ್ಕೆ ಬೆಲ್ಲು, ನಾಲ್ಕೂ ಹದಿನೈದಕ್ಕೆ ನಾರ್ವದ ಬಸ್ಸು. ಅದು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಅಪ್ಪ ಅವ್ವ ದುಡಿಯಲು ಪುಣೆಗೆ ಹೋಗಿರುವುದರಿಂದ ಅವಳಿರುವುದು ದೊಡ್ಡಪ್ಪನ ಮನೆಯಲ್ಲಿ. ದಿನಾ ಓಡಿ ಹಿಡಿದರೂ, ನನ್ನ ಸಂಶಯಗಳಿಂದ ಆಗಲೇ ಎರಡು ಸಲ ಬಸ್ಸು ತಪ್ಪಿತ್ತಂತೆ. 'ಇನ್ನೊಮ್ಮೆ ತಪ್ಪಿದ್ರ ಕಾಲೇಜು ಬಂದ್ ಅಂದಾನ ದೊಡ್ಡಪ್ಪ,' ಎಂದಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಖರ್ಚಿನ ನೆಪ ಹೋಗಿ, ಆತನ ಕೈಯಲ್ಲಿ ಉಳಿದಿದ್ದ ಒಂದೇ ವಾದ ಇದು. ಅದಕ್ಕೆ ಸಾಕ್ಷಿ ಒದಗಿಸುತ್ತಿದ್ದವಳು ನಾನು.

ಹಾಗೆಂದು ಸುಲಭಕ್ಕೆ ಒಪ್ಪಲಿಲ್ಲ. 'ಬೆಲ್ ಹೊಡದ್ ಕೂಡ್ಲೇ ನೀ ಎದ್ದು ಹೋಗು,' ಎಂದೆ.

'ಸರ್ ಮಾತಾಡಾಗ ಎದ್ದು ಹೋಗಾಕ ನಾನೇನ್ ನೀನೇನು?'

'ಹಂಗಾದ್ರ ತಪ್ಪು ಬಸ್ಸಿನ ಟೈಮಿಂದು. ಡಿಪೋಕ್ಕ ಅರ್ಜಿ ಕೊಡಬೇಕು.'

'ಕೊಡು. ನಾನೂ ಸಹಿ ಹಾಕ್ತೀನಿ. ಟೈಮ್ ಬದಲಾಗೋ ತನಕ ಬಾಯಿ ಮುಚ್ಕೊಂಡಿರು, ಅಷ್ಟ.'

ಇದರಲ್ಲಿ ಸಂದಿ ಹುಡುಕಿದೆ. ಇರಲಿಲ್ಲ.

ಅಂದಿನ ಕಡೇ ಪಿರಿಯಡ್ಡು. ಸರ್ ಕೈ ಕೊಡವಿಕೊಂಡು 'ಡೌಟ್ಸ್ ಉನ್ನಾಯಾ?' ಎಂದರು. ನಾನು ಡೆಸ್ಕಿನ ಮೇಲೆ ಯಾರೋ ಕೊರೆದಿದ್ದ ಹೆಸರನ್ನು ಮತ್ತೆ ಮತ್ತೆ ಓದುತ್ತ ಕೂತೆ. ಬೆಲ್ಲು ಹೊಡೆಯಿತು. ಸರ್ ಹೋಗಲಿಲ್ಲ. ನನ್ನನ್ನೇ ನೋಡುತ್ತ, 'ಏಮ್ಮಾ, ಒಂಟ್ಲೊ ಬಾಗಲೇದಾ?' ಎಂದು ಮೈಯ ಹುಷಾರು ವಿಚಾರಿಸಿದರು. ಚೆನ್ನಾಗಿದ್ದೇನೆ ಎಂದೆ. 'ಮರಿ ನೀ ಕಂದಿಪಪ್ಪು?' ಎಂದರು. ನನ್ನ ತೊಗರಿಬೇಳೆಯ ಗತಿ ಏನಾಯಿತೆಂದು ಕೇಳುತ್ತಲೇ ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದರು. ನಡುವೆ ಚೀಟಿಯ ಗುರುತಿತ್ತು. ನನ್ನ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬಂದಿದ್ದರು. ಎಷ್ಟೋ ವರ್ಷಗಳಿಂದ ಸುಮ್ಮನೆ ಕೇಳುತ್ತ ಬಂದ ಮಾತಿಗೆ ಯಾರೋ ಒಬ್ಬಳು ಓಗೊಟ್ಟಳೆಂದು ಅವರ ಮುಖ ಹಬ್ಬದಂತಿತ್ತು. ಪಕ್ಕದಲ್ಲಿ ಶರಣಮ್ಮ ಚೀಲ ತೊಡೆಯ ಮೇಲಿಟ್ಟುಕೊಂಡು ಗೋಡೆಯ ಗಡಿಯಾರ ನೋಡುತ್ತಿದ್ದಳು. ನಾಲ್ಕು ಗಂಟೆ ಮೂರು ನಿಮಿಷ.

ಚರ್ಚೆಯಲ್ಲಿ ನಾನು ಸೋತದ್ದುಂಟು, ಸೋತೆ ಎಂದು ಬಾಯಿಬಿಟ್ಟು ಹೇಳಿದ್ದಿಲ್ಲ. ಈಗ ಎದ್ದು ನಿಂತು, ಆ ಡೌಟೇ ತಪ್ಪಾಗಿತ್ತು ಸಾರ್, ನೀವು ಹೇಳಿದ್ದೇ ಸರಿ ಎಂದೆ. ತೆಲುಗಿನಲ್ಲಿ ಹೇಳಿದೆ. ಕನ್ನಡವಾಗಿದ್ದರೆ ನಾಲಿಗೆ ಹೊರಳುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸರ್ ಪುಸ್ತಕ ಮುಚ್ಚಿ, ಸಣ್ಣ ದನಿಯಲ್ಲಿ 'ಸರೇ, ವೆಳ್ಳಂಡಿ' ಎಂದರು. ಹೋಗಿ ಎನ್ನುವಷ್ಟರಲ್ಲಿ ಶರಣಮ್ಮ ಬಾಗಿಲು ದಾಟಿದ್ದಳು. ಅರ್ಧ ಗಂಟೆಯ ಮೇಲೆ ಫೋನಿಗೆ 'ಬಸ್ ಸಿಕ್ತು' ಎಂದು ಬಂತು. ಅಂದು ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ನಾನು ತಕರಾರು ತೆಗೆಯದಿದ್ದುದಕ್ಕೆ ಅವ್ವ ಹಣೆ ಮುಟ್ಟಿ ನೋಡಿದಳು.

ಮರುದಿನ ಮೊದಲ ಬೆಲ್ಲಿಗೆ ಮುಂಚೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಸಾರ್, ಡೌಟು ಇನ್ನೂ ಇದೆ ಎಂದೆ. ಸರ್ ಬಾಯಿಗೆ ಒಯ್ದಿದ್ದ ಇಡ್ಲಿಯನ್ನು ಡಬ್ಬಿಗೆ ಹಾಕಿ ಪುಸ್ತಕ ತೆಗೆದರು. ಆ ನಿಯಮಕ್ಕೊಂದು ಬಾಲವಿದೆಯಂತೆ: ಉಳಿದದ್ದೆಲ್ಲ ಹಾಗೇ ಇದ್ದರೆ. ಬೆಲೆ ನಾಳೆ ಇನ್ನೂ ಏರುತ್ತದೆಂಬ ಭಯ ಹುಟ್ಟಿದ ಮೇಲೆ ಉಳಿದದ್ದು ಹಾಗೇ ಇರಲಿಲ್ಲ, ಆದ್ದರಿಂದ ನಿಯಮ ಸುಳ್ಳಾಗಲಿಲ್ಲ. ಬಾಗಿಲ ತನಕ ಬಂದು ಒಂದು ಸಲ ತಿರುಗಿ ನಿಂತೆ. ಕೇಳಲು ಏನೂ ಹೊಳೆಯಲಿಲ್ಲ. ಮನಸ್ಸಿಗೆ ಸಮಾಧಾನವೂ ಆಯಿತು, ಒಂಚೂರು ಅವಮಾನವೂ ಆಯಿತು.

ಆ ಅವಮಾನ ತೀರಿಸಿಕೊಳ್ಳಲು ಮಧ್ಯಾಹ್ನ ಶರಣಮ್ಮನಿಗೆ ಎಲ್ಲವನ್ನೂ ನಾನೇ ಕಂಡುಹಿಡಿದವಳಂತೆ ವಿವರಿಸಿದೆ. ಸರ್ ಥರವೇ ಕೈ ಕೊಡವಿಕೊಂಡು, ಏನಾದರೂ ಡೌಟು ಐತೇನು ಎಂದೂ ಕೇಳಿದೆ. ಅವಳು ರೊಟ್ಟಿ ಮುರಿದು, ನಿಧಾನಕ್ಕೆ ಅಗಿದು ನುಂಗಿ, 'ಉಳಿದದ್ದೆಲ್ಲ ಹಂಗೇ ಇರೋದು ಯಾವ ಊರಾಗ?' ಎಂದಳು.

ನಾನು ನೀರು ಕುಡಿದೆ. ಇನ್ನೂ ಸ್ವಲ್ಪ ಕುಡಿದೆ.

'ನೋಡು, ನಿನ್ನ ಬಸ್ಸಿಗೆ ಹೊತ್ತಾತು,' ಎಂದೆ.

'ಬಸ್ಸಿಗೆ ಇನ್ನೂ ಮೂರು ತಾಸು ಐತಿ,' ಎಂದು ಅವಳು ಬುತ್ತಿ ಮುಚ್ಚಿ, ಪೂರ್ತಿ ನನ್ನ ಕಡೆ ತಿರುಗಿ ಕೂತಳು. 'ಹೇಳು.'