ರೂಲ್ ಪದದ ಕಾರ್ಡು

ಎಲ್ಲಕ್ಕೂ ಕಾರಣ ಅವನು ಬಸ್ಸಿನಲ್ಲಿ ಮರೆತು ಬಂದ ಟಿಪ್ಪಣಿ ಪುಸ್ತಕ. ನಿಘಂಟು ಕಚೇರಿಯಲ್ಲಿ ಎಲ್ಲರೂ ಅವನನ್ನು ಅಲ್ಪವಿರಾಮ ಎನ್ನುತ್ತಿದ್ದರು; ಯಾವ ಮಾತನ್ನೂ ಒಂದೇ ಉಸಿರಿಗೆ ಮುಗಿಸಿದವನಲ್ಲ. ಅವನ ಪಾಲಿಗೆ ಬಂದದ್ದು ಇಂಗ್ಲಿಷಿನ ‘ರೂಲ್’ ಪದ. ಐದು ಗಂಟೆಯೊಳಗೆ ಅದರ ಅರ್ಥ, ಬಳಕೆ ಬರೆದ ಕಾರ್ಡು ಸಂಪಾದಕರ ಕೈ ಸೇರಿದರೆ ಮೂರು ವರ್ಷದ ಹಂಗಾಮಿ ಕೆಲಸ ಇವತ್ತೇ ಕಾಯಂ. ಇಲ್ಲದಿದ್ದರೆ ಮನೆಯ ದಾರಿ.

ಅರ್ಥಗಳನ್ನೇನೋ ಬರೆದ: ನಿಯಮ, ಕಟ್ಟಳೆ, ವಾಡಿಕೆ. ತೊಡಕಿದ್ದದ್ದು ಬಳಕೆಯ ವಾಕ್ಯಗಳಲ್ಲಿ. ಜನ ನಿಜವಾಗಿ ಆಡಿದ ಮಾತನ್ನೇ ಬರೆಯಬೇಕು, ಆಡಿದವರು ಯಾರೆಂದು ಕಾರ್ಡಿನ ಹಿಂಬದಿಯಲ್ಲಿ ನಮೂದಿಸಬೇಕು ಎಂಬುದು ಅಲ್ಲಿಯ ಪದ್ಧತಿ. ಅವನು ಕೂಡಿಟ್ಟ ಮಾತುಗಳೆಲ್ಲ ಬಸ್ಸಿನಲ್ಲಿ ಊರು ಸುತ್ತುತ್ತಿದ್ದವು. ಅತ್ತಿತ್ತ ನೋಡಿ, ಸ್ವಂತ ತಲೆಯಿಂದಲೇ ಬರೆದ: ‘ಮೂರು ಗಂಟೆ ಮೇಲೆ ಇಲ್ಲಿ ಯಾರೂ ಕೂರಬಾರದು ಅನ್ನೋದು ರೂಲು.’ ‘ಕಿಟಕಿಗೆ ಬೆನ್ನು ಹಾಕಬಾರದು ಅನ್ನೋದು ಹಳೇ ರೂಲು.’ ‘ರೂಲು ಮುರಿದವನ ಕೆಲಸ ಹೋಗತ್ತೆ.’ ಹಿಂಬದಿಯಲ್ಲಿ ‘ಕಚೇರಿಯವರು’ ಎಂದು ಗೀಚಿದ.

ಮೂರು ಹೊಡೆಯಿತು. ಟೈಪಿಸ್ಟ್ ಅಕ್ಕ ಎದ್ದು ನಿಂತು, ಕೊಕ್ಕರೆಯ ಹಾಗೆ ಬಗ್ಗಿ ಟೈಪು ಮಾಡತೊಡಗಿದರು.

“ಯಾಕಕ್ಕಾ, ನಿಂತ್ಬಿಟ್ರಿ?”

“ಮೂರಾಯ್ತಲ್ಲಪ್ಪ. ರೂಲು.”

“ಯಾವತ್ತಿಂದ?”

“ನಾನು ಸೇರಿದಾಗಿಂದ್ಲೂ. ನೀನೂ ದಿನಾ ನಿಲ್ತಿದ್ದೆ, ಇವತ್ತೇನಾಯ್ತು?”

ಅಕ್ಕನ ಮೇಜಿನ ಮುಂದೆ ನೆಲ ಎರಡು ಪಾದಗಳ ಆಕಾರಕ್ಕೆ ಸವೆದು ಹೊಳೆಯುತ್ತಿತ್ತು. ಅವನು ಬಗ್ಗಿ ನೋಡಿದ. ತನ್ನ ಮೇಜಿನ ಮುಂದೆಯೂ.

ಅಷ್ಟರಲ್ಲಿ ಒಬ್ಬೊಬ್ಬರೇ ಸೂರ್ಯಕಾಂತಿಯ ಹಾಗೆ ಕಿಟಕಿಯ ಕಡೆ ತಿರುಗಿದರು. ಅಕ್ಕ ಅವನ ಭುಜ ಹಿಡಿದು ಮೆಲ್ಲಗೆ ಅತ್ತ ತಿರುಗಿಸಿ, ಕೆಲಸ ಕಳ್ಕೋಬೇಡ ಕಣಪ್ಪ ಎಂದು ಪಿಸುಗುಟ್ಟಿದರು. ಅವರ ಕೈ ಮಾತ್ರ ಎಂದಿನಂತೆ ಬೆಚ್ಚಗಿತ್ತು.

ಅಲ್ಪವಿರಾಮ ಕಾರ್ಡನ್ನು ಉಜ್ಜಿದ. ರಬ್ಬರು ಸವೆಯಿತು, ಅಕ್ಷರ ಅಳಿಯಲಿಲ್ಲ. ಕೆಳಗೆ ಒಂದೇ ಒಂದು ಸಾಲಿನ ಜಾಗ ಉಳಿದಿತ್ತು. ಬರೆದ: ‘ಅಲ್ಪವಿರಾಮನಿಗೆ ಮಾತ್ರ ಯಾವ ರೂಲೂ ಇಲ್ಲ.’ ಹೆದರಿ ಹೆದರಿ ಕುರ್ಚಿಯ ಮೇಲೆ ಕೂತ. ಯಾರೂ ಏನೂ ಅನ್ನಲಿಲ್ಲ. ಹೋದ ಜೀವ ಬಂದಂತಾಯಿತು.

ಐದಕ್ಕೆ ಸಂಪಾದಕರು ಕಿಟಕಿಯತ್ತ ಮುಖ ಮಾಡಿಯೇ ಕಾರ್ಡು ಓದಿದರು.

“ಚೆನ್ನಾಗಿದೆ. ಎಲ್ಲಾ ನಾವು ದಿನಾ ಆಡೋ ಮಾತೇ.”

“ಹಾಗಾದ್ರೆ, ಸಾರ್, ನನ್ನ, ಕಾಯಂ ಆದೇಶ?”

“ಮೂರು ವರ್ಷಕ್ಕೆ ಕಾಯಂ ಮಾಡೋದು ರೂಲಲ್ವೇನಪ್ಪ? ನಿನಗೆ ಯಾವ ರೂಲೂ ಇಲ್ಲವಲ್ಲ.”

ಜೋಲು ಮುಖ ಹೊತ್ತು ಅವನು ಚೀಲ ಎತ್ತಿಕೊಂಡ. ಬಾಗಿಲಲ್ಲಿ ಅಕ್ಕ ತಡೆದರು. ಐದಕ್ಕೆ ಮನೆಗೆ ಹೋಗುವುದೂ ರೂಲೇ ಎಂದು ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದರು. ಆಮೇಲೆ ಅವನ ಮೇಜಿನ ಮೇಲೆ ಒಂದು ಲೋಟ ನೀರು ಮುಚ್ಚಿಟ್ಟು, ದೀಪ ಆರಿಸದೆ, ಹೊರಗಿನಿಂದ ಬೀಗ ಹಾಕಿಕೊಂಡು ಹೋದರು.